ಕಾರಿಗೆ ದೊಡ್ಡ ಚಕ್ರ ಹಾಕಿಸುವ ಮುಂಚೆ ಮಾಡಬೇಕಾದ ಲೆಕ್ಕ

ಸ್ವಿಫ್ಟ್‌ನ ಕೆಳಗಿನ ವೇರಿಯಂಟ್ ತಗೊಂಡವರಿಗೆ ಒಂದಲ್ಲ ಒಂದು ದಿನ ಈ ಆಸೆ ಬಂದೇ ಬರುತ್ತದೆ. ಗಾಡಿ ಚೆನ್ನಾಗಿದೆ, ಆದರೆ ಆ 14 ಇಂಚಿನ ಸ್ಟೀಲ್ ಚಕ್ರ, ಅದರ ಮೇಲಿನ ಪ್ಲಾಸ್ಟಿಕ್ ಕ್ಯಾಪ್ ನೋಡೋಕೆ ಸಪ್ಪೆ. ಬೆಂಗಳೂರಿನ ಜೆ.ಸಿ. ರಸ್ತೆ ಕಡೆ ಹೋದರೆ ಮುಗಿಯಿತು, ಅಂಗಡಿ ತುಂಬಾ ಮಿಶ್ರಲೋಹದ ಚಕ್ರ, ಅಂದರೆ ಅಲಾಯ್‌ಗಳು ಹೊಳೆಯುತ್ತಿರುತ್ತವೆ. ವಿಚಾರಿಸಿದರೆ ಹೆಚ್ಚು ಕಡಿಮೆ ಒಂದೇ ಉತ್ತರ: "ಸಾರ್, 16 ಆರಾಮಾಗಿ ಕೂರುತ್ತೆ, ಬೇಕಿದ್ರೆ 17 ಕೂಡ ಹಾಕೋಣ, ಏನೂ ಆಗಲ್ಲ."

ಕೂರುತ್ತದೆ ಅನ್ನೋದು ನಿಜ. ಬೋಲ್ಟ್ ತೂತು ಸರಿಹೋಗಿ, ಚಕ್ರದ ಮೇಲಿನ ತಗಡು ಅಂದರೆ ಫೆಂಡರ್‌ಗೆ ತಾಗದಿದ್ದರೆ ಏನು ಬೇಕಾದರೂ ಕೂರುತ್ತದೆ. ಅಂಗಡಿಯವರ ಕೆಲಸ ಅಲ್ಲಿಗೆ ಮುಗಿಯಿತು. ಆಮೇಲೆ ಮಳೆಯಲ್ಲಿ ಬ್ರೇಕ್ ಹಾಕುವುದು ನೀವು, ಆಗುಂಬೆ ಹತ್ತಿಸುವುದು ನೀವು, ಗುಂಡಿಗೆ ಬಿದ್ದು ಸೊಟ್ಟಗಾದ ರಿಮ್ಮನ್ನು ಹೊತ್ತುಕೊಂಡು ಅಂಗಡಿ ಹುಡುಕುವುದೂ ನೀವೇ. ಅದಕ್ಕೇ ದುಡ್ಡು ಕೊಡುವ ಮುಂಚೆ ಮನೆಯಲ್ಲೇ ಕೂತು ಮಾಡಿಕೊಳ್ಳಬಹುದಾದ ಲೆಕ್ಕ, ಅಂಗಡಿಯಲ್ಲಿ ನೋಡಬೇಕಾದ ಸಂಗತಿ, ಎರಡನ್ನೂ ಇಲ್ಲಿ ಬರೆದಿದ್ದೇನೆ. ಉದಾಹರಣೆಗೆ ಸ್ವಿಫ್ಟನ್ನೇ ಇಟ್ಟುಕೊಳ್ಳುತ್ತೇನೆ. ನಿಮ್ಮ ಗಾಡಿ ಬೇರೆಯಾದರೆ ಅಂಕಿ ಬದಲಾಗುತ್ತದೆ, ಲೆಕ್ಕ ಅದೇ.

ಮೊದಲು ಟೈರ್ ಮೇಲಿನ ಅಂಕಿ ಓದಿ

ಟೈರಿನ ಪಕ್ಕದ ಗೋಡೆ ಮೇಲೆ 165/80 ಆರ್14 ಅಂತ ಇರುತ್ತದೆ. 165 ಅಂದರೆ ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. 80 ಅನ್ನೋದು ಶೇಕಡಾ ಲೆಕ್ಕ: ಪಕ್ಕದ ಗೋಡೆಯ ಎತ್ತರ ಅಗಲದ ಶೇ. 80, ಅಂದರೆ 132 ಮಿ.ಮೀ. ಕೊನೆಯ 14 ರಿಮ್‌ನ ವ್ಯಾಸ, ಇದು ಮಾತ್ರ ಇಂಚಿನಲ್ಲಿ. ಒಂದು ಇಂಚಿಗೆ 25.4 ಮಿ.ಮೀ., ಹಾಗಾಗಿ ರಿಮ್ 355.6 ಮಿ.ಮೀ. ಅದಕ್ಕೆ ಮೇಲೊಂದು ಕೆಳಗೊಂದು ಗೋಡೆ ಸೇರಿಸಿದರೆ ಚಕ್ರದ ಒಟ್ಟು ಎತ್ತರ 619.6 ಮಿ.ಮೀ.

ಈಗ ಅದೇ ಸ್ವಿಫ್ಟ್‌ನ ಮೇಲಿನ ವೇರಿಯಂಟ್ ನೋಡಿ. ಅದಕ್ಕೆ ಬರುವುದು 185/65 ಆರ್15. ಗೋಡೆ 120 ಮಿ.ಮೀ. ಚಿಲ್ಲರೆ, ರಿಮ್ 381, ಒಟ್ಟು 621.5. ರಿಮ್ ಒಂದಿಂಚು ದೊಡ್ಡದಾದರೂ ಪೂರ್ತಿ ಚಕ್ರದ ಎತ್ತರದಲ್ಲಿ ವ್ಯತ್ಯಾಸ 2 ಮಿ.ಮೀ. ಕೂಡ ಇಲ್ಲ. ಕಂಪನಿಯವರು ಕಬ್ಬಿಣ ಜಾಸ್ತಿ ಮಾಡಿದಷ್ಟು ರಬ್ಬರ್ ಕಡಿಮೆ ಮಾಡಿದ್ದಾರೆ. ಸುಮ್ನೆ ಮಾಡಿದ್ದಲ್ಲ ಇದು. ಗೇರು, ಸ್ಪೀಡೋಮೀಟರ್, ಎಬಿಎಸ್ (ಗಟ್ಟಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ), ಬ್ರೇಕ್, ಎಲ್ಲವೂ ಈ ಹೊರ ಎತ್ತರವನ್ನು ನಂಬಿಕೊಂಡೇ ಲೆಕ್ಕ ಹಾಕಿಟ್ಟಿರುವುದು.

ನನ್ನ ಸಲಹೆ ಕೇಳಿದರೆ ಇಲ್ಲೇ ಹೇಳಿಬಿಡುತ್ತೇನೆ. ನಿಮ್ಮ ಗಾಡಿಯದೇ ಟಾಪ್ ವೇರಿಯಂಟ್‌ಗೆ ಕಂಪನಿ ಯಾವ ಸೈಜ್ ಕೊಡುತ್ತದೋ ಅದನ್ನು ಹಾಕಿಸಿ, ಅಲ್ಲಿಗೆ ನಿಲ್ಲಿಸಿ. ಸ್ವಿಫ್ಟ್‌ಗೆ 185/65 ಆರ್15. ಬಲೆನೊ ಆದರೆ 185/65 ಆರ್15 ಇದ್ದವರು 195/55 ಆರ್16ಕ್ಕೆ ಹೋಗಬಹುದು. ಕ್ರೆಟಾದಲ್ಲಿ 205/65 ಆರ್16 ಮತ್ತು 215/60 ಆರ್17 ಎರಡನ್ನೂ ಕಂಪನಿಯೇ ಕೊಟ್ಟಿದೆ. ಆ ಸೈಜಿನಲ್ಲಿ ಗಾಡಿಯನ್ನು ಓಡಿಸಿ ನೋಡಿ, ಬ್ರೇಕ್ ಹಾಕಿ ನೋಡಿ, ಪಾಸ್ ಮಾಡಿಸಿರುವುದು ಅವರೇ. ಇಷ್ಟು ಸಾಕು ಅನ್ನುವವರು ಮುಂದಿನ ಲೆಕ್ಕವನ್ನೆಲ್ಲ ಬಿಟ್ಟು ನೇರ ನಟ್ಟಿನ ಭಾಗಕ್ಕೆ ಹೋಗಬಹುದು. ಸಾಲದು ಅನ್ನುವವರು ಓದಿ.

ಹೊರ ಎತ್ತರ ಎಷ್ಟು ಬದಲಾದರೆ ಏನಾಗುತ್ತದೆ

15 ಇಂಚಿನ ಸ್ವಿಫ್ಟ್ ಇರುವವರು ಸಾಮಾನ್ಯವಾಗಿ ಕೇಳುವ ಸೈಜ್‌ಗಳ ಲೆಕ್ಕ ಇಲ್ಲಿದೆ. 621.5 ಮಿ.ಮೀ. ಜೊತೆ ಹೋಲಿಸಿ ನೋಡಿ.

195/55 ಆರ್16: 620.9 ಮಿ.ಮೀ., ವ್ಯತ್ಯಾಸ ಇಲ್ಲವೇ ಇಲ್ಲ ಅನ್ನಬಹುದು.
205/45 ಆರ್17: 616.3 ಮಿ.ಮೀ., ಶೇ. 0.8 ಚಿಕ್ಕದು.
205/55 ಆರ್16: 631.9 ಮಿ.ಮೀ., ಶೇ. 1.7 ದೊಡ್ಡದು.
195/65 ಆರ್15: 634.5 ಮಿ.ಮೀ., ಶೇ. 2.1 ದೊಡ್ಡದು.
205/65 ಆರ್15: 647.5 ಮಿ.ಮೀ., ಶೇ. 4.2 ದೊಡ್ಡದು.

ಗಮನಿಸಿದಿರಾ? ಕೊನೆಯ ಎರಡರಲ್ಲಿ ರಿಮ್ ಬದಲಾಗಿಯೇ ಇಲ್ಲ, ಅದೇ 15 ಇಂಚು. ಆದರೂ ಚಕ್ರ ಬೆಳೆಯಿತು. ಅತ್ತ 17 ಇಂಚಿನ ರಿಮ್ ಹಾಕಿದರೂ ಒಟ್ಟು ಎತ್ತರ ಕಡಿಮೆಯೇ ಆಯಿತು. "ದೊಡ್ಡ ಚಕ್ರ" ಅಂತ ಎಲ್ಲರೂ ಹೇಳುವಾಗ ಈ ಎರಡನ್ನೂ ಒಂದೇ ಅಂತ ಬೆರೆಸಿಬಿಡುತ್ತಾರೆ, ಆದರೆ ಇವುಗಳ ತೊಂದರೆ ಬೇರೆ ಬೇರೆ. ಹೊರ ಎತ್ತರ ಜಾಸ್ತಿಯಾದರೆ ಗೇರು, ಮೀಟರ್, ಬ್ರೇಕಿನ ಮೇಲೆ ಹೊಡೆತ. ರಿಮ್ ದೊಡ್ಡದಾಗಿ ರಬ್ಬರ್ ಕಡಿಮೆಯಾದರೆ ಸಸ್ಪೆನ್ಷನ್, ರಿಮ್, ನಿಮ್ಮ ಸೊಂಟದ ಮೇಲೆ ಹೊಡೆತ. ಎರಡನ್ನೂ ಒಟ್ಟಿಗೆ ಮಾಡಿದರೆ ಎರಡೂ ಹೊಡೆತ.

ಶೇ. 2ರ ಒಳಗಿದ್ದರೆ ತಲೆಕೆಡಿಸಿಕೊಳ್ಳಬೇಕಿಲ್ಲ, ಶೇ. 3 ದಾಟಬಾರದು. ಟೈರ್ ಅಂಗಡಿಗಳಲ್ಲಿ ಒಳ್ಳೆಯವರು ಪಾಲಿಸುವ ಲೆಕ್ಕ ಇದು.

ಮೊದಲು ಸ್ಪೀಡೋಮೀಟರ್ ಕಥೆ. ಗಾಡಿಗೆ ಗೊತ್ತಾಗುವುದು ಚಕ್ರ ಎಷ್ಟು ಸುತ್ತು ತಿರುಗಿತು ಅನ್ನುವುದಷ್ಟೇ, ಒಂದು ಸುತ್ತಿಗೆ ಎಷ್ಟು ದೂರ ಹೋಯಿತು ಅನ್ನುವುದನ್ನು ಅದು ಹಳೇ ಸೈಜಿನ ಮೇಲೆ ಊಹಿಸಿಕೊಳ್ಳುತ್ತದೆ. 205/65 ಹಾಕಿದ ಮೇಲೆ ಮೀಟರ್ 100 ತೋರಿಸುವಾಗ ಗಾಡಿ ಮೊದಲಿಗಿಂತ ಶೇ. 4ರಷ್ಟು ಜಾಸ್ತಿ ವೇಗದಲ್ಲಿರುತ್ತದೆ. ಕಂಪನಿಯ ಮೀಟರ್‌ಗಳು ಸಾಮಾನ್ಯವಾಗಿ ನಿಜಕ್ಕಿಂತ ಸ್ವಲ್ಪ ಜಾಸ್ತಿಯೇ ತೋರಿಸುತ್ತವೆ, ಹಾಗಾಗಿ ಒಂದಿಷ್ಟು ಹೊಂದಿಕೊಂಡು ಹೋಗುತ್ತದೆ ಅನ್ನಿ. ಆದರೆ ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಕಾರಿಗೆ ಮಿತಿ 100, ಮೇಲೆ ಕ್ಯಾಮೆರಾ. ಮೀಟರ್ ನೋಡಿಕೊಂಡು ಸರಿಯಾಗಿ ಮಿತಿಯ ಅಂಚಿನಲ್ಲೇ ಓಡಿಸುವ ಅಭ್ಯಾಸ ಇರುವವರು ಫೋನಿನ ಜಿಪಿಎಸ್ ಜೊತೆ ಒಮ್ಮೆ ಹೋಲಿಸಿಕೊಳ್ಳಿ.

ಇನ್ನೊಂದು ತಮಾಷೆ ಇದೆ. ದೊಡ್ಡ ಚಕ್ರ ಹಾಕಿಸಿದ ಮೇಲೆ ಮೈಲೇಜ್ ಬಿದ್ದುಹೋಯಿತು ಅಂತ ಗೋಳಾಡುವವರಲ್ಲಿ ಅರ್ಧ ಗೋಳು ಮೀಟರಿನದೇ. ಓಡೋಮೀಟರ್ ಕೂಡ ಸುತ್ತನ್ನೇ ಎಣಿಸುವುದರಿಂದ 104 ಕಿಲೋಮೀಟರ್ ಓಡಿದ್ದನ್ನು 100 ಅಂತ ಬರೆದುಕೊಳ್ಳುತ್ತದೆ. ಟ್ಯಾಂಕ್ ಲೆಕ್ಕ ಹಾಕುವಾಗ ಅದನ್ನು 1.04ರಿಂದ ಗುಣಿಸಿ, ಆಮೇಲೆ ಎಷ್ಟು ಬಿದ್ದಿದೆ ನೋಡಿ. ಬಿದ್ದಿರುತ್ತದೆ, ಅದರಲ್ಲಿ ಅನುಮಾನ ಇಲ್ಲ. ಅಗಲ ಜಾಸ್ತಿಯಾದಂತೆ ರಸ್ತೆಯ ಎಳೆತ, ಗಾಳಿಯ ಎಳೆತ ಎರಡೂ ಜಾಸ್ತಿಯಾಗುತ್ತದೆ, ತೂಕವೂ ಸೇರುತ್ತದೆ. ಆದರೆ ನೀವು ಅಂದುಕೊಂಡಷ್ಟು ಬಿದ್ದಿರುವುದಿಲ್ಲ.

ಪಿಕಪ್ ವಿಷಯ. ಚಕ್ರದ ಎತ್ತರ ಶೇ. 4 ಜಾಸ್ತಿಯಾದರೆ ಪ್ರತಿ ಗೇರಿನಲ್ಲೂ ರಸ್ತೆಗೆ ತಲುಪುವ ಎಳೆಯುವ ಬಲ ಹೆಚ್ಚು ಕಡಿಮೆ ಅಷ್ಟೇ ಕಡಿಮೆಯಾಗುತ್ತದೆ. ಎಲ್ಲ ಗೇರನ್ನೂ ಯಾರೋ ಸ್ವಲ್ಪ ಸ್ವಲ್ಪ ಉದ್ದ ಮಾಡಿಟ್ಟ ಹಾಗೆ. ಡೀಸೆಲ್ ಟರ್ಬೊ ಗಾಡಿಯಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಟರ್ಬೊ ಇಲ್ಲದ 1.2 ಲೀಟರ್ ಪೆಟ್ರೋಲ್, 112-113 ಎನ್ಎಂ ಟಾರ್ಕ್, ಒಳಗೆ ಐದು ಜನ, ಡಿಕ್ಕಿ ತುಂಬ ಲಗೇಜು, ಎಸಿ ಹಾಕಿಕೊಂಡು ಚಾರ್ಮಾಡಿ ಘಾಟಿ ಹತ್ತುತ್ತಿದ್ದೀರಿ ಅಂದುಕೊಳ್ಳಿ. ಮೊದಲು ಎರಡನೇ ಗೇರಿನಲ್ಲಿ ಹತ್ತುತ್ತಿದ್ದ ತಿರುವಿನಲ್ಲಿ ಈಗ ಗಾಡಿ ಏದುಸಿರು ಬಿಡುತ್ತದೆ, ಒಂದನೇ ಗೇರಿಗೆ ಇಳಿಸಬೇಕಾಗುತ್ತದೆ, ಹಾಫ್ ಕ್ಲಚ್‌ನಲ್ಲಿ ಎಳೆಯುವವರಾದರೆ ಕ್ಲಚ್ ವಾಸನೆಯೂ ಬರುತ್ತದೆ. ಹೆದ್ದಾರಿಯಲ್ಲಿ ಮಾತ್ರ ಟಾಪ್ ಗೇರಿನಲ್ಲಿ ಆರ್‌ಪಿಎಂ ಸ್ವಲ್ಪ ಇಳಿದು ಹಾಯ್ ಅನ್ನಿಸುತ್ತದೆ. ಹೊಗಳುವವರು ಈ ಒಂದನ್ನೇ ಹೇಳುವುದು.

ಗ್ರೌಂಡ್ ಕ್ಲಿಯರೆನ್ಸ್‌ಗೋಸ್ಕರ ದೊಡ್ಡ ಚಕ್ರ ಅನ್ನುವವರಿಗೆ ಒಂದು ಮಾತು. ರಸ್ತೆಯ ಹಂಪ್‌ಗೆ ತಾಗುತ್ತದೆ, ಅದಕ್ಕೆ 16 ಹಾಕಿಸುತ್ತೇನೆ ಅಂತಾರೆ. ಹೊರ ಎತ್ತರ ಅಷ್ಟೇ ಇದ್ದರೆ ರಿಮ್ 16 ಆದರೂ 18 ಆದರೂ ಗಾಡಿ ಒಂದು ಕೂದಲೆಳೆಯಷ್ಟೂ ಮೇಲೇಳುವುದಿಲ್ಲ. 205/65 ಆರ್15 ಹಾಕಿ ಎತ್ತರ 26 ಮಿ.ಮೀ. ಹೆಚ್ಚಿಸಿದರೂ ಗಾಡಿ ಏಳುವುದು ಅದರ ಅರ್ಧ, 13 ಮಿ.ಮೀ. ಅಷ್ಟಕ್ಕಾಗಿ ಮೇಲೆ ಹೇಳಿದ್ದೆಲ್ಲ ಬೇಕಾ ಅಂತ ನೀವೇ ನೋಡಿ. ಥಾರ್‌ನಂಥ ಗಾಡಿ ಕಾಡಿಗೆ ಒಯ್ಯುವವರ ಮಾತು ಬೇರೆ. ಅವರ ಗಾಡಿಯಲ್ಲಿ ಲೋ ರೇಂಜ್ ಗೇರ್ ಇರುತ್ತದೆ, ಚಕ್ರದ ಸುತ್ತ ಜಾಗವೂ ಇರುತ್ತದೆ.

ತೂಕ

ಅಲಾಯ್ ಅಂದರೆ ಹಗುರ ಅನ್ನೋದು ಎಲ್ಲರ ನಂಬಿಕೆ. ಒಂದೇ ಸೈಜಿನ ಒಳ್ಳೆಯ ಅಲಾಯ್ ಹಗುರ ಇರಬಹುದು. ಆದರೆ ಎರಡು ಇಂಚು ದೊಡ್ಡದಾದ, ಅಗ್ಗದ, ದಪ್ಪ ಕಡ್ಡಿಗಳ ಅಲಾಯ್ ನಿಮ್ಮ ಹಳೇ ಸ್ಟೀಲ್ ಚಕ್ರಕ್ಕಿಂತ ಭಾರ ಇರುವುದೇ ಹೆಚ್ಚು. ಅಂಗಡಿಯಲ್ಲಿ ತೂಕದ ಯಂತ್ರ ಇದ್ದರೆ ಇಟ್ಟು ನೋಡಿ, ಕೇಳುವುದಕ್ಕೆ ಸಂಕೋಚ ಬೇಡ.

ತಿರುಗುವ ವಸ್ತುವಿನ ಅಂಚಿನಲ್ಲಿರುವ ತೂಕ ವೇಗ ಹಿಡಿಯುವಾಗ ಹೆಚ್ಚು ಕಡಿಮೆ ಎರಡು ಪಟ್ಟು ಕಾಡುತ್ತದೆ. ಒಂದು ಚಕ್ರಕ್ಕೆ 3 ಕೆ.ಜಿ. ಜಾಸ್ತಿಯಾದರೆ ನಾಲ್ಕಕ್ಕೆ 12, ಇಂಜಿನ್‌ಗೆ ಅದು 24 ಕೆ.ಜಿ. ಹತ್ತಿರ ಅನ್ನಿಸಬಹುದು. ನಿಜ ಹೇಳಬೇಕಂದರೆ ಒಂದು ಟನ್ ಹತ್ತಿರದ ಗಾಡಿಗೆ ಪಿಕಪ್‌ನಲ್ಲಿ ಇದು ಅಷ್ಟೇನೂ ದೊಡ್ಡದಲ್ಲ, ಯೂಟ್ಯೂಬ್‌ನಲ್ಲಿ ಹೆದರಿಸುವಷ್ಟಂತೂ ಅಲ್ಲ. ನಿಜವಾದ ತೊಂದರೆ ಸಸ್ಪೆನ್ಷನ್‌ಗೆ. ಚಕ್ರದ ತೂಕ ಸ್ಪ್ರಿಂಗಿನ ಕೆಳಗಿರುವ ತೂಕ. ಅದು ಜಾಸ್ತಿಯಾದರೆ ಹಂಪ್ ದಾಟಿದ ಮೇಲೆ, ಗುಂಡಿಯಿಂದ ಎದ್ದ ಮೇಲೆ ಚಕ್ರ ಮತ್ತೆ ರಸ್ತೆಗೆ ಅಂಟಿಕೊಳ್ಳುವುದು ತಡವಾಗುತ್ತದೆ. ಶಾಕ್ ಅಬ್ಸಾರ್ಬರ್ ಇದ್ದದ್ದು ಅಷ್ಟು ತೂಕ ತಡೆಯೋಕಲ್ಲ. ಕೆಟ್ಟ ರಸ್ತೆಯಲ್ಲಿ ಗಾಡಿ ಕುಪ್ಪಳಿಸುತ್ತದೆ, ಬುಷ್‌ಗಳು, ಲಿಂಕ್ ರಾಡ್, ಬೇರಿಂಗ್ ಬೇಗ ಸವೆಯುತ್ತವೆ. ಸವೆದ ಮೇಲೆ ವಾರಂಟಿ ಕೇಳಲು ಹೋದರೆ ಸರ್ವಿಸ್ ಸೆಂಟರ್‌ನವರು ಮೊದಲು ತೋರಿಸುವುದು ನಿಮ್ಮ ಚಕ್ರವನ್ನೇ.

ಬ್ರೇಕು ಮತ್ತು ಮಳೆ

ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಬ್ರೇಕ್ ಡಿಸ್ಕ್ ಅದೇ, ಪ್ಯಾಡ್ ಅದೇ, ಹಿಡಿಯುವ ಶಕ್ತಿ ಅದೇ. ಆದರೆ ಹೊರ ಎತ್ತರ ಹೆಚ್ಚಿದರೆ ಅದೇ ಪೆಡಲ್ ಒತ್ತಿಗೆ ರಸ್ತೆಯ ಮೇಲೆ ಸಿಗುವ ತಡೆ ಕಡಿಮೆ, ಮೇಲಾಗಿ ನಿಲ್ಲಿಸಬೇಕಾದ ಚಕ್ರವೂ ಭಾರ. ಒಂದು ಸಲ ಗಟ್ಟಿಯಾಗಿ ಬ್ರೇಕ್ ಹಾಕಿದರೆ ಎಬಿಎಸ್ ಹೇಗೋ ಸಂಭಾಳಿಸುತ್ತದೆ, ಒಣ ರಸ್ತೆಯಲ್ಲಿ ಅಗಲದ ಟೈರಿನ ಹಿಡಿತದಿಂದ ಗಾಡಿ ಚೆನ್ನಾಗಿಯೇ ನಿಲ್ಲಲೂಬಹುದು. ಆದರೆ ಶಿರಾಡಿ ಘಾಟಿ ಇಳಿಯುವಾಗ ಪದೇ ಪದೇ ಬ್ರೇಕ್ ಮೇಲೆ ಕಾಲಿಟ್ಟು ಇಳಿಯುವವರ ಗತಿ ಬೇರೆ. ಪ್ಯಾಡ್ ಬಿಸಿಯಾಗುತ್ತದೆ, ಹಿಡಿತ ಇಳಿಯುತ್ತದೆ. ಗೇರು ಉದ್ದವಾಗಿರುವುದರಿಂದ ಇಂಜಿನ್ ಬ್ರೇಕಿಂಗೂ ಮೊದಲಿನಷ್ಟು ಸಿಗುವುದಿಲ್ಲ. ಘಾಟಿಯಲ್ಲಿ ಒಂದು ಗೇರ್ ಕೆಳಗೇ ಇಟ್ಟುಕೊಂಡು ಇಳಿಯಿರಿ.

ಎಬಿಎಸ್, ಇಎಸ್‌ಪಿ (ಗಾಡಿ ಅಡ್ಡ ಜಾರದಂತೆ ತಡೆಯುವ ವ್ಯವಸ್ಥೆ) ಎರಡೂ ನಾಲ್ಕು ಚಕ್ರಗಳ ವೇಗವನ್ನು ಒಂದಕ್ಕೊಂದು ಹೋಲಿಸುತ್ತಾ ಕೆಲಸ ಮಾಡುತ್ತವೆ. 2024ರ ಹೊಸ ಸ್ವಿಫ್ಟ್‌ನಲ್ಲಿ ಇಎಸ್‌ಪಿ ಎಲ್ಲ ವೇರಿಯಂಟ್‌ಗೂ ಬರುತ್ತದೆ. ನಾಲ್ಕನ್ನೂ ಒಂದೇ ಸೈಜಿಗೆ ಬದಲಾಯಿಸಿದರೆ ಅದು ಹೊಂದಿಕೊಳ್ಳಬಹುದು. ಹಿಂದೆರಡು ಒಂದು ಎತ್ತರ, ಮುಂದೆರಡು ಒಂದು ಎತ್ತರ ಹಾಕಿದರೆ ಮಾತ್ರ ಸೆನ್ಸರ್‌ಗೆ ಒಂದು ಚಕ್ರ ಜಾರುತ್ತಿದೆ ಅಂತಲೇ ಅನ್ನಿಸುತ್ತದೆ. "ಈಗ ಹಿಂದೆರಡು ಹಾಕಿ, ಮುಂದಿನ ತಿಂಗಳು ಮುಂದೆರಡು ಹಾಕೋಣ" ಅನ್ನುವ ಕಂತಿನ ವ್ಯವಹಾರ ಬೇಡವೇ ಬೇಡ.

ಮಳೆಯ ವಿಷಯಕ್ಕೆ ಬಂದರೆ, ಟೈರ್ ಅಗಲವಾದಷ್ಟು ಹಿಡಿತ ಜಾಸ್ತಿ ಅನ್ನುವ ಮಾತು ನೀರು ನಿಂತ ರಸ್ತೆಯಲ್ಲಿ ತಿರುಗುಮುರುಗು ಆಗುತ್ತದೆ. ಅಗಲದ ಟೈರ್ ಜಾಸ್ತಿ ನೀರನ್ನು ಪಕ್ಕಕ್ಕೆ ತಳ್ಳಬೇಕು. ತಳ್ಳಲಾಗದಿದ್ದರೆ ನೀರಿನ ಮೇಲೆಯೇ ತೇಲುತ್ತದೆ, ಸ್ಟಿಯರಿಂಗ್ ಹಗುರಾಗಿ ಹೋಗುತ್ತದೆ. ಕರಾವಳಿ, ಮಲೆನಾಡಿನವರು ಸವೆದ ಅಗಲದ ಟೈರಿನಲ್ಲಿ ಜೂನ್ ತಿಂಗಳಿಗೆ ಕಾಲಿಡಬೇಡಿ.

ರಬ್ಬರ್ ಕಡಿಮೆಯಾದರೆ

165/80 ಆರ್14ರ ಗೋಡೆ 132 ಮಿ.ಮೀ. 205/45 ಆರ್17ರ ಗೋಡೆ 92. ಗುಂಡಿಯ ಅಂಚು ಹೊಡೆದಾಗ ರಿಮ್‌ಗೂ ಕಾಂಕ್ರೀಟ್‌ಗೂ ನಡುವೆ ಇರುವುದು ಅಷ್ಟೇ. 40 ಮಿ.ಮೀ. ರಬ್ಬರನ್ನು ನೀವು ದುಡ್ಡು ಕೊಟ್ಟು ತೆಗೆಸಿದ್ದೀರಿ. ಬೆಂಗಳೂರಿನ ಮಳೆಗಾಲದ ರಸ್ತೆಯಲ್ಲಿ, ನೀರು ತುಂಬಿ ಆಳ ಕಾಣದ ಗುಂಡಿಗೆ 50ರ ವೇಗದಲ್ಲಿ ಇಳಿಸಿದರೆ ಮೂರರಲ್ಲಿ ಒಂದು ಆಗುತ್ತದೆ: ರಿಮ್ ಸೊಟ್ಟಗಾಗುತ್ತದೆ, ರಿಮ್ ಬಿರುಕು ಬಿಡುತ್ತದೆ, ಇಲ್ಲಾ ಟೈರಿನ ಗೋಡೆಯಲ್ಲಿ ಗುಳ್ಳೆ ಏಳುತ್ತದೆ. ಸ್ಟೀಲ್ ಚಕ್ರ ಸೊಟ್ಟಗಾದರೆ ಬಡಿದು ನೆಟ್ಟಗೆ ಮಾಡಬಹುದು. ಅಲಾಯ್ ಹಾಗಲ್ಲ. ಬಿರುಕು ಬಿಟ್ಟ ಅಲಾಯನ್ನು ವೆಲ್ಡ್ ಮಾಡಿಕೊಡುತ್ತೇವೆ ಅನ್ನುವವರು ಬೇಕಾದಷ್ಟು ಜನ ಇದ್ದಾರೆ. ದಯವಿಟ್ಟು ಮಾಡಿಸಬೇಡಿ, ಬೇರೆ ತಗೊಳ್ಳಿ. ಗುಳ್ಳೆ ಎದ್ದ ಟೈರಿನ ಒಳಗಿನ ದಾರ ಹರಿದಿರುತ್ತದೆ, ಅದಕ್ಕೆ ಪಂಕ್ಚರ್ ಅಂಗಡಿಯಲ್ಲಿ ಮದ್ದಿಲ್ಲ. ಹೆದ್ದಾರಿಯಲ್ಲಿ ಬಿಸಿಯಾಗಿ ಸಿಡಿದರೆ ಗಾಡಿ ಯಾವ ಕಡೆ ಎಳೆಯುತ್ತದೆ ಅಂತ ಹೇಳೋಕಾಗಲ್ಲ.

ಕಡಿಮೆ ಗೋಡೆಯಲ್ಲಿ ಒಳ್ಳೆಯದೂ ಇದೆ, ಅದನ್ನೂ ಹೇಳಬೇಕಲ್ವಾ. ತಿರುವಿನಲ್ಲಿ ಟೈರ್ ಕಡಿಮೆ ಬಾಗುತ್ತದೆ, ಸ್ಟಿಯರಿಂಗ್ ತಿರುಗಿಸಿದ ತಕ್ಷಣ ಗಾಡಿ ಮಾತು ಕೇಳುತ್ತದೆ. 165ರಿಂದ 185/65ಕ್ಕೆ ಹೋದವರಿಗೆ ಇದು ಚೆನ್ನಾಗಿ ಗೊತ್ತಾಗುತ್ತದೆ. ಅಲ್ಲಿಂದ ಮುಂದೆ ಸಿಗುವ ಲಾಭ ನಮ್ಮ ರಸ್ತೆಯಲ್ಲಿ ಕಣ್ಣಿಗೆ ಮಾತ್ರ.

ಆಫ್‌ಸೆಟ್: ಎಲ್ಲರೂ ಮರೆಯುವ ಅಂಕಿ

ರಿಮ್‌ನ ಹಿಂಭಾಗದಲ್ಲಿ ಇಟಿ 45, ಇಟಿ 38 ಅಂತ ಅಚ್ಚು ಇರುತ್ತದೆ. ರಿಮ್‌ನ ನಡು ಗೆರೆಯಿಂದ ಹಬ್‌ಗೆ (ಚಕ್ರವನ್ನು ಬಿಗಿಯುವ ಗಾಡಿಯ ಭಾಗ) ಕೂರುವ ಮುಖ ಎಷ್ಟು ಮಿ.ಮೀ. ಆಚೆಗಿದೆ ಅನ್ನುವ ಅಂಕಿ ಅದು. ಈ ಅಂಕಿ ಕಡಿಮೆಯಾದಷ್ಟು ಚಕ್ರ ಹೊರಗೆ ಬರುತ್ತದೆ. ಜೊತೆಗೆ 5.5ಜೆ, 7ಜೆ ಅಂತ ರಿಮ್‌ನ ಅಗಲ ಇರುತ್ತದೆ, ಇಂಚಿನಲ್ಲಿ.

5.5ಜೆ ಇಟಿ 45 ರಿಮ್ ತೆಗೆದು 7ಜೆ ಇಟಿ 35 ಹಾಕುತ್ತೀರಿ ಅಂದುಕೊಳ್ಳಿ. ಅಗಲ ಒಂದೂವರೆ ಇಂಚು ಜಾಸ್ತಿ, ಅಂದರೆ ಎರಡೂ ಕಡೆ 19-19 ಮಿ.ಮೀ. ಆಫ್‌ಸೆಟ್ 10 ಕಡಿಮೆಯಾದ್ದರಿಂದ ಪೂರ್ತಿ ರಿಮ್ 10 ಮಿ.ಮೀ. ಹೊರಗೆ. ಒಟ್ಟು ಹೊರ ಅಂಚು 29 ಮಿ.ಮೀ. ಆಚೆ, ಒಳ ಅಂಚು 9 ಮಿ.ಮೀ. ಒಳಗೆ. ಒಳಗೆ 9 ಮಿ.ಮೀ. ಜಾಗ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಇರುವ ಕಂಬ) ಹತ್ತಿರ ಇದೆಯಾ, ಹೊರಗೆ 29 ಮಿ.ಮೀ. ಬಂದರೆ ಫೆಂಡರ್ ದಾಟುತ್ತದಾ, ಅಳತೆಪಟ್ಟಿ ಹಿಡಿದು ನೋಡಬಹುದು. ನಿಂತ ಗಾಡಿಯಲ್ಲಿ ಜಾಗ ಕಂಡರೂ ನಂಬಬೇಡಿ, ಸ್ಪ್ರಿಂಗ್ ಕೂತಾಗ ಸ್ಥಿತಿ ಬೇರೆ.

ಚಕ್ರ ಹೊರಗೆ ಬಂದಷ್ಟು ವೀಲ್ ಬೇರಿಂಗ್ ಮೇಲೆ ಸನ್ನೆಯ ಹೊರೆ ಜಾಸ್ತಿ. ಸ್ಟಿಯರಿಂಗ್ ಭಾರವಾಗುತ್ತದೆ. ಒಂದು ಕಡೆ ಚಕ್ರ ಗುಂಡಿಗೆ ಬಿದ್ದರೆ ಸ್ಟಿಯರಿಂಗ್ ಕೈಯಿಂದ ಕಿತ್ತುಕೊಂಡು ಆ ಕಡೆ ಎಳೆಯುತ್ತದೆ. ಕೆಸರು, ಕಲ್ಲು ಬಾಗಿಲಿಗೆ ಸಿಡಿಯುವುದು ಬೇರೆ. ಹಳೇ ರಿಮ್‌ನ ಆಫ್‌ಸೆಟ್‌ಗೆ 5 ಮಿ.ಮೀ. ಹಿಂದೆ ಮುಂದೆ ಇದ್ದರೆ ಪರವಾಗಿಲ್ಲ. ಕೂರದ ರಿಮ್ಮನ್ನು ಸ್ಪೇಸರ್ (ಹಬ್‌ಗೂ ರಿಮ್‌ಗೂ ನಡುವೆ ಇಡುವ ಬಿಲ್ಲೆ) ಇಟ್ಟು ಕೂರಿಸುವ ಐಡಿಯಾ ಕೊಟ್ಟರೆ ಅಲ್ಲಿಂದ ಎದ್ದು ಬನ್ನಿ.

ನಟ್ಟು, ಪಿಸಿಡಿ, ನಡುವಿನ ತೂತು

ಪಿಸಿಡಿ ಅಂದರೆ ಬೋಲ್ಟ್‌ಗಳು ಕೂರುವ ವೃತ್ತದ ವ್ಯಾಸ. ಸ್ವಿಫ್ಟ್, ಬಲೆನೊ, ಐ20ಗೆ ಪಿಸಿಡಿ 4×100: ನಾಲ್ಕು ಬೋಲ್ಟ್, 100 ಮಿ.ಮೀ. ವೃತ್ತ. ಬ್ರೆಝಾ, ಕ್ರೆಟಾಗೆ 5×114.3. ಹಳೇ ಪೋಲೋಗೆ 5×100. ಇದು ಹೊಂದದಿದ್ದರೆ ಮಾತೇ ಇಲ್ಲ. ಅಂಗಡಿಗಳಲ್ಲಿ ಎರಡೆರಡು ಪಿಸಿಡಿಗೆ ತೂತು ಕೊರೆದ ರಿಮ್ ಇರುತ್ತವೆ, ಕೂರುತ್ತವೆ, ನನಗಂತೂ ಇಷ್ಟವಿಲ್ಲ.

ಪಿಸಿಡಿಗಿಂತ ಜಾಸ್ತಿ ತಪ್ಪಾಗುವುದು ನಡುವಿನ ತೂತಿನಲ್ಲಿ. ಸ್ವಿಫ್ಟ್‌ನ ಹಬ್ 54.1 ಮಿ.ಮೀ. ಹೊರಗಿನ ಅಲಾಯ್‌ಗಳು ಎಲ್ಲ ಗಾಡಿಗೂ ಆಗಲಿ ಅಂತ ತೂತನ್ನು ದೊಡ್ಡದಾಗಿ ಬಿಟ್ಟಿರುತ್ತವೆ. ನಡುವಿನ ಸಂದಿಗೆ ಹಬ್ ರಿಂಗ್ ಹಾಕದೇ ಬಿಟ್ಟರೆ ರಿಮ್ ಸರಿಯಾಗಿ ನಡುವಿಗೆ ಕೂರುವುದಿಲ್ಲ, 80-90ರ ಮೇಲೆ ಸ್ಟಿಯರಿಂಗ್ ನಡುಗುತ್ತದೆ. ಎಷ್ಟು ಸಲ ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗದ ನಡುಕ ಇದ್ದರೆ ಮೊದಲು ಇದನ್ನೇ ನೋಡಿ. ರಿಂಗ್‌ಗೆ ಆಗುವ ಖರ್ಚು ತೀರಾ ಕಡಿಮೆ.

ನಟ್ಟಿನ ಎಳೆ ಒಂದೊಂದು ಕಂಪನಿಗೆ ಒಂದೊಂದು. ಮಾರುತಿಗೆ ಸಾಮಾನ್ಯವಾಗಿ 12×1.25, ಹ್ಯುಂಡೈಗೆ 12×1.5. ಒಂದಕ್ಕೆ ಇನ್ನೊಂದು ಮೊದಲ ಒಂದೆರಡು ಸುತ್ತು ಹೋಗಿಬಿಡುತ್ತದೆ, ಆಮೇಲೆ ಇಂಪ್ಯಾಕ್ಟ್ ಗನ್‌ನಲ್ಲಿ ಜೋರಾಗಿ ಒತ್ತಿದರೆ ಎಳೆ ತಿಂದು ಹೋಗುತ್ತದೆ. ಹಾಗಾಗಿ ಮೊದಲು ಕೈಯಲ್ಲೇ ತಿರುಗಿಸಿ ಹಾಕಲು ಹೇಳಿ. ಹೋಂಡಾ ಇರುವವರು ಇನ್ನೂ ಹುಷಾರು: ಕಂಪನಿ ನಟ್ಟಿನ ತಳ ಗುಂಡಗಿರುತ್ತದೆ, ಹೊರಗಿನ ಅಲಾಯ್‌ಗಳಿಗೆ ಬೇಕಿರುವುದು ಚೂಪು ತಳದ್ದು. ತಪ್ಪು ತಳದ ನಟ್ಟು ಬಿಗಿಯಾದ ಹಾಗೆ ಕಂಡರೂ ಓಡುತ್ತಾ ಸಡಿಲವಾಗುತ್ತದೆ.

ಲೋಡ್ ಇಂಡೆಕ್ಸ್

ಟೈರ್ ಸೈಜಿನ ಪಕ್ಕ 85ಟಿ, 88ಹೆಚ್ ಅಂತ ಇರುತ್ತದಲ್ಲ, ಅದರಲ್ಲಿ ಅಂಕಿ ಹೊರುವ ತೂಕ, ಅಕ್ಷರ ವೇಗದ ಮಿತಿ. 85 ಅಂದರೆ ಒಂದು ಟೈರಿಗೆ 515 ಕೆ.ಜಿ., 88 ಅಂದರೆ 560. ಟಿ ಅಂದರೆ ಗಂಟೆಗೆ 190 ಕಿ.ಮೀ., ಹೆಚ್ ಅಂದರೆ 210. ಅಗಲ ಜಾಸ್ತಿ ಇದ್ದರೆ ಹೊರುವ ಶಕ್ತಿಯೂ ಜಾಸ್ತಿ ಅಂತ ಅಂದುಕೊಳ್ಳಬೇಡಿ. 205/45 ಆರ್17ರಲ್ಲಿ 84 ಸಿಗುತ್ತದೆ, ಅದು ಹೊರುವುದು 500 ಕೆ.ಜಿ. ಮಾತ್ರ, ನಿಮ್ಮ ಹಳೇ 14 ಇಂಚಿನದ್ದಕ್ಕಿಂತ ಕಡಿಮೆ. ಅದೇ ಸೈಜಿನಲ್ಲಿ ಎಕ್ಸ್‌ಎಲ್ (ಜಾಸ್ತಿ ಹೊರೆಗೆ ಗಟ್ಟಿ ಮಾಡಿದ್ದು) ಅಂತ ಬರೆದ 88 ಕೂಡ ಸಿಗುತ್ತದೆ, ಆದರೆ ಅದಕ್ಕೆ ಗಾಳಿ ಸ್ವಲ್ಪ ಜಾಸ್ತಿ ಬೇಕು. ನಿಯಮ ಸರಳ: ಅಂಕಿಯೂ ಅಕ್ಷರವೂ ಕಂಪನಿಯದ್ದಕ್ಕಿಂತ ಕೆಳಗಿಳಿಯಬಾರದು. ತಯಾರಾದ ವಾರವನ್ನೂ ನೋಡಿ. ನಾಲ್ಕು ಅಂಕಿ ಇರುತ್ತದೆ, 2324 ಅಂದರೆ 2024ರ 23ನೇ ವಾರ.

ರಿಮ್‌ನ ಹಿಂದೆಯೂ ಎಷ್ಟು ತೂಕ ತಡೆಯುತ್ತದೆ ಅನ್ನುವ ಅಚ್ಚು, ಐಎಸ್ಐ ಇಲ್ಲವೇ ಜೆಡಬ್ಲ್ಯುಎಲ್ (ಜಪಾನಿನ ಗುಣಮಟ್ಟದ ಗುರುತು) ಮಾರ್ಕ್ ಇರಬೇಕು. ಏನೂ ಅಚ್ಚಿಲ್ಲದ, ಹೆಸರಿಲ್ಲದ "ಇಂಪೋರ್ಟೆಡ್" ರಿಮ್ ಎಷ್ಟು ಚಂದ ಇದ್ದರೂ ಬಿಟ್ಟುಬಿಡಿ. ಅದಕ್ಕಿಂತ ಟಾಪ್ ವೇರಿಯಂಟ್ ಗಾಡಿಯಿಂದ ಬಿಚ್ಚಿದ ಕಂಪನಿ ಅಲಾಯ್ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕರೆ ಎಷ್ಟೋ ವಾಸಿ. ತಿರುಗಿಸಿ ನೋಡಿ ಸೊಟ್ಟ ಇದೆಯಾ, ಒಳ ಅಂಚಿನಲ್ಲಿ ವೆಲ್ಡ್ ಗುರುತು ಇದೆಯಾ ಅಂತ ನೋಡಿಕೊಂಡು ತಗೊಳ್ಳಿ. ಹೊಸ ಬಣ್ಣ ಬಳಿದಿದ್ದರೆ ಎರಡು ಸಲ ನೋಡಿ.

ಕಾನೂನು, ಇನ್ಶೂರೆನ್ಸ್

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಕಾನೂನು ಒಪ್ಪದ ಬದಲಾವಣೆಗೆ ಮಾಲೀಕನಿಗೆ ಒಂದೊಂದಕ್ಕೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಬಂತು. ಕಂಪನಿಯೇ ಆ ಮಾಡೆಲ್‌ಗೆ ಕೊಡುವ ಸೈಜಿಗೆ ಹೋದರೆ ನಿಮ್ಮ ಕೈಯಲ್ಲಿ ಹೇಳಿಕೊಳ್ಳೋಕೆ ಒಂದು ಆಧಾರ ಇರುತ್ತದೆ. ಫೆಂಡರ್ ದಾಟಿ ಚಾಚಿದ ಚಕ್ರಕ್ಕೆ ಏನು ಹೇಳುತ್ತೀರಿ?

ಇನ್ಶೂರೆನ್ಸ್ ಕಂಪನಿಗೆ ಇಮೇಲ್‌ನಲ್ಲೇ ತಿಳಿಸಿ, ಅಲಾಯ್ ಬೆಲೆಯನ್ನು ಆಕ್ಸೆಸರಿ ಅಂತ ಪಾಲಿಸಿಗೆ ಸೇರಿಸಿಕೊಳ್ಳಲು ಕೇಳಿ. ಪ್ರೀಮಿಯಂ ಸ್ವಲ್ಪ ಏರುತ್ತದೆ. ತಿಳಿಸದೇ ಇದ್ದು ಅಪಘಾತ ಆದರೆ, ಸರ್ವೇಯರ್ ಫೋಟೋದಲ್ಲಿ ಮೊದಲು ಕಾಣುವುದೇ ಚಕ್ರ, ಕ್ಲೇಮ್ ತಗ್ಗಿಸಲು ಒಂದು ಕಾರಣ ಸಿಕ್ಕಿತು ಅಂತ ಲೆಕ್ಕ.

ಅಂಗಡಿಯಲ್ಲಿ

ದುಡ್ಡು ಪೂರ್ತಿ ಕೊಡುವ ಮುಂಚೆ ಮುಂದಿನ ಎರಡು ಚಕ್ರ ಮಾತ್ರ ಹಾಕಿಸಿ ನಿಧಾನಕ್ಕೆ ನೋಡಿ, ಇದು ನೋಡೋಕೆ ಮಾತ್ರ, ಹಾಗೇ ಓಡಿಸೋಕಲ್ಲ. ಸ್ಟಿಯರಿಂಗ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ಒಳಗಿನ ಲೈನರ್‌ಗೆ ತಾಗುತ್ತದಾ ಕೈ ಹಾಕಿ ನೋಡಿ. ನಾಲ್ಕೂ ಹಾಕಿದ ಮೇಲೆ ಹಿಂದಿನ ಸೀಟಿನಲ್ಲಿ ಮೂರು ಜನ ದೊಡ್ಡವರನ್ನು ಕೂರಿಸಿಕೊಂಡು ಹಂಪ್ ಇರುವ ರಸ್ತೆಯಲ್ಲಿ ಒಂದು ಸುತ್ತು ಹೋಗಿ, ತಿರುಗಿಸುತ್ತಲೇ ಹಂಪ್ ಇಳಿಸಿ. ಕರ್ ಅಂತ ಶಬ್ದ ಬಂದರೆ, ಲೈನರ್ ಮೇಲೆ ಹೊಸ ಉಜ್ಜಿದ ಗುರುತು ಕಂಡರೆ ಆ ಸೈಜ್ ನಿಮ್ಮ ಗಾಡಿಗಲ್ಲ. "ಫೆಂಡರ್ ಒಳಗೆ ಸ್ವಲ್ಪ ಬಡಿದು ಮಡಚಿ ಕೊಡ್ತೀವಿ" ಅಂತಾರೆ. ಒಪ್ಪಬೇಡಿ, ಅಲ್ಲಿಂದಲೇ ತುಕ್ಕು ಶುರು.

ಟೈರ್ ಪ್ರೆಶರ್ ಸೆನ್ಸರ್ ಇರುವ ಗಾಡಿಯಾದರೆ ಹಳೇ ರಿಮ್‌ನ ವಾಲ್ವ್‌ನಿಂದ ಅದನ್ನು ಹೊಸದಕ್ಕೆ ಹಾಕಿಸಿಕೊಳ್ಳುವುದು ಮರೆಯಬೇಡಿ. ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎರಡೂ ಅವತ್ತೇ ಆಗಬೇಕು. ಗಾಳಿಯನ್ನು ಡ್ರೈವರ್ ಬಾಗಿಲ ಪಿಲ್ಲರ್ ಮೇಲಿನ ಸ್ಟಿಕ್ಕರ್ ನೋಡಿ ಹಾಕಿಸಿ. ರೈಡ್ ಗಡುಸಾಯಿತು ಅಂತ ಗಾಳಿ ಇಳಿಸುವ ಅಭ್ಯಾಸ ಕಡಿಮೆ ಗೋಡೆಯ ಟೈರಿನಲ್ಲಿ ರಿಮ್ಮನ್ನು ನೇರ ಗುಂಡಿಯ ಬಾಯಿಗೆ ಕೊಟ್ಟಂತೆ. ನಟ್ಟುಗಳನ್ನು ಟಾರ್ಕ್ ರೆಂಚ್‌ನಲ್ಲಿ, ಮ್ಯಾನ್ಯುಯಲ್‌ನಲ್ಲಿರುವ ಅಂಕಿಗೇ ಬಿಗಿ ಮಾಡಿಸಿ, 50-100 ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ನೋಡಿಸಿ. ಹೊಸ ಅಲಾಯ್ ಮೊದಲ ಓಟದಲ್ಲಿ ಸ್ವಲ್ಪ ಕೂತುಕೊಂಡು ನಟ್ಟು ಸಡಿಲ ಆಗುವುದುಂಟು.

ಡಿಕ್ಕಿಯಲ್ಲಿರುವ ಸ್ಟೆಪ್ನಿ ಇನ್ನೂ ಹಳೇ ಸ್ಟೀಲ್ ಚಕ್ರವೇ. ಅಲಾಯ್‌ಗೆ ಹೊಸ ನಟ್ಟು ತಗೊಂಡಿದ್ದರೆ ಅದು ಸ್ಟೀಲ್‌ಗೆ ಸರಿಯಾಗಿ ಕೂರದಿರಬಹುದು. ಹಳೇ ನಟ್ಟುಗಳನ್ನು ಒಂದು ಚೀಲದಲ್ಲಿ ಹಾಕಿ ಜಾಕ್ ಪಕ್ಕವೇ ಇಡಿ. ಸ್ಟೆಪ್ನಿ ಹಾಕಿದ ಮೇಲೆ ಎತ್ತರದಲ್ಲಿ ವ್ಯತ್ಯಾಸ ಇದ್ದರೆ ಅದನ್ನು ಹಿಂದಿನ ಚಕ್ರಕ್ಕೆ ಹಾಕಿ, ಪಂಕ್ಚರ್ ಆಗಿದ್ದು ಮುಂದಿನದಾದರೆ ಹಿಂದಿನದನ್ನು ಮುಂದಕ್ಕೆ ತಂದು ಹಾಕಿ. ಮುಂದಿನ ಚಕ್ರದಿಂದ ಓಡುವ ಗಾಡಿಯಲ್ಲಿ ಎಡ-ಬಲ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್‌ಗೆ ಆಗ ತೊಂದರೆ ಇರುವುದಿಲ್ಲ. ಬಿಚ್ಚಿದ ನಾಲ್ಕು ಹಳೇ ಚಕ್ರಗಳನ್ನು ಅಂಗಡಿಯವರು ಎಕ್ಸ್‌ಚೇಂಜ್‌ನಲ್ಲಿ ಚಿಲ್ಲರೆ ಕಾಸಿಗೆ ಕೇಳುತ್ತಾರೆ. ಮನೆಯಲ್ಲಿ ಜಾಗ ಇದ್ದರೆ ಕೊಡಬೇಡಿ, ವಾರಂಟಿ ಮುಗಿಯುವವರೆಗಾದರೂ ಇಟ್ಟುಕೊಳ್ಳಿ. ಗಾಡಿ ಮಾರುವಾಗ ಅವನ್ನೇ ಹಾಕಿ ಕೊಟ್ಟು ಅಲಾಯನ್ನು ಬೇರೆಯಾಗಿ ಮಾರಬಹುದು.